ಪಿಕಪ್ಪಿಗೆ ಒಂದೂವರೆ ಅಂಗುಲ ಕಡಿಮೆ

ಅಥವಾ ಅದು ಹಸಿರು ಬಣ್ಣದ್ದೇ ಅಲ್ಲವೇನೋ. ಇಷ್ಟು ವರ್ಷ ಕೇಳಿದವರಿಗೆಲ್ಲ ನಾನು ಹಸಿರು ಎಂದೇ ಹೇಳಿಕೊಂಡು ಬಂದಿದ್ದೇನೆ. ಅಕ್ಕ ಬೂದು ಎನ್ನುತ್ತಾಳೆ. ಹನ್ನೊಂದು ವರ್ಷ ಆ ಗಾಡಿಯ ಸ್ಟೀರಿಂಗ್ ಹಿಡಿದವಳು ಅವಳು, ಆದ್ದರಿಂದ ಅವಳ ಮಾತೇ ಸರಿಯಿರಬೇಕು. ಆದರೆ ಅವಳು ಒಳಗೆ ಕೂತು ರಸ್ತೆ ನೋಡುತ್ತಿದ್ದವಳು; ಗೇಟಿನ ಹತ್ತಿರ ನಿಂತು ಗಾಡಿ ಬರುವುದನ್ನು ನೋಡುತ್ತಿದ್ದವಳು ನಾನು. ಮನೆಯಲ್ಲಿ ಅದರದೊಂದು ಫೋಟೋ ಇದೆ. ಬಣ್ಣದ ಫೋಟೋನೇ, ಆದರೆ ಈಗ ಅದರಲ್ಲಿ ಗೋಡೆ, ಅಮ್ಮನ ಸೀರೆ, ಗಾಡಿ, ಆಕಾಶ ಎಲ್ಲವೂ ಒಂದೇ ಕಿತ್ತಳೆಗೆ ತಿರುಗಿವೆ. ಅಲ್ಲಿಗೆ ಆ ಸಾಕ್ಷಿಯೂ ಮುಗಿಯಿತು.

ಹಸಿರೋ ಬೂದೋ, ಅದೊಂದು ಪಿಕಪ್. ಉದ್ದ ಮೂತಿ, ಕಣ್ಣು ಬಿಟ್ಟಂತಿದ್ದ ದುಂಡು ದೀಪಗಳು, ಎರಡು ಬಾಗಿಲು, ಹಿಂದೆ ಸಾಮಾನು ಹೇರುವ ತಗಡಿನ ಬಾಡಿ. ನಾನು ಹುಟ್ಟುವ ಮೊದಲೇ ತಯಾರಾದ ಗಾಡಿ. ಯಾವುದೋ ಕಾಫಿ ತೋಟದವರು ಮಾರಿದ್ದನ್ನು ಅಪ್ಪ ಕೊಂಡು ತಂದಿದ್ದರು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದವರು, ಆದರೆ ಕಬ್ಬಿಣ ಮುಟ್ಟಿದವರಲ್ಲ. ಅವರದು ಪ್ಯಾಟರ್ನ್ ಶಾಪು. ಎರಕ ಹೊಯ್ಯಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಮಾಡಿಕೊಡುವುದು ಅಲ್ಲಿನ ಕೆಲಸ. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಪೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಒಂದು ನೂಲು ತಪ್ಪಿದರೆ, ಅಂದರೆ ಅಂಗುಲದ ಎಂಟನೇ ಒಂದು ಭಾಗ ತಪ್ಪಿದರೆ, ಟನ್ನುಗಟ್ಟಲೆ ಲೋಹ ಹಾಳು. ಅಪ್ಪನ ಅಳತೆ ತಪ್ಪಿದ್ದಿಲ್ಲ ಎಂದು ಅಲ್ಲಿಯವರು ಹೇಳುತ್ತಿದ್ದರು. ಅಪ್ಪ ತಾವಾಗಿ ಎಂದೂ ಹೇಳಲಿಲ್ಲ, ಯಾರಾದರೂ ಹೇಳಿದರೆ ತಡೆಯುತ್ತಲೂ ಇರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಅಪ್ಪ ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟು ನಾವು ಶಿವಮೊಗ್ಗಕ್ಕೆ ಬಂದೆವು, ಹೊಸಮನೆ ಬಡಾವಣೆಗೆ. ಅಪ್ಪನ ಜೊತೆ ಬಂದದ್ದು ಒಂದು ಮರದ ಪೆಟ್ಟಿಗೆ: ಉಳಿ, ಕೀಸುಳಿ, ಮಟ್ಟ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಎರಡಡಿ ಉದ್ದದ ಎರಡು ಸ್ಟೀಲ್ ಸ್ಕೇಲು. ಅಕ್ಕಪಕ್ಕದವರು ಬಾಗಿಲ ಚೌಕಟ್ಟು, ಅಟ್ಟದ ಹಲಗೆ, ದೇವರ ಮಂಟಪ, ಏನೇ ಮಾಡಿಸಲಿ ಮೊದಲು ಅಪ್ಪನನ್ನು ಕರೆದು ಅಳತೆ ತೆಗೆಸುತ್ತಿದ್ದರು. ಬಡಗಿ ಬೇರೆಯವನು, ಅಳತೆ ಅಪ್ಪನದು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸ್ಕೇಲನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದರು. ನಿವೃತ್ತಿಯ ನಂತರ ಅವರಿಗೆ ಉಳಿದಿದ್ದ ಉದ್ಯೋಗ ಅಂದರೆ ಅದೇ. ಆ ಹೊತ್ತಿನಲ್ಲಿ ಅವರ ಬೆನ್ನು ನೆಟ್ಟಗಿರುತ್ತಿತ್ತು. ಇದು ನನಗೆ ನಿಜವಾಗಿ ನೆನಪಿದೆಯೋ, ಆಮೇಲೆ ಆದದ್ದಕ್ಕೆ ಸರಿಹೊಂದಲಿ ಎಂದು ಬೆನ್ನನ್ನು ನಾನೇ ನೆಟ್ಟಗೆ ಮಾಡಿದೆನೋ ಹೇಳಲಾರೆ.

ಪಿಕಪ್ ಅಕ್ಕನ ಕೆಲಸಕ್ಕೆ ಬಂದದ್ದು. ಮಾಚೇನಹಳ್ಳಿಯ ಕಡೆ ಮೂರ್ನಾಲ್ಕು ಸಣ್ಣ ವರ್ಕ್‌ಶಾಪುಗಳಿಗೆ ಮಧ್ಯಾಹ್ನದ ಊಟ ಒಪ್ಪಿಸುವ ಕೆಲಸ ಹಿಡಿದಿದ್ದಳು. ಅವಳಿಗಾಗ ಮೂವತ್ತೆರಡು. ಮದುವೆಯ ಮಾತೆತ್ತಿದವರಿಗೆ, "ಮದ್ವೆ ಆದ್ರೆ ಒಬ್ಬನಿಗೆ ಅಡುಗೆ ಮಾಡ್ಬೇಕು, ಅವನು ಉಪ್ಪು ಕಡಿಮೆ ಅಂತಾನೆ. ಈಗ ನೂರು ಜನಕ್ಕೆ ಮಾಡ್ತೀನಿ, ಒಬ್ಬರಾದ್ರೂ ಚೆನ್ನಾಗಿದೆ ಅಂತಾರೆ," ಎನ್ನುತ್ತಿದ್ದಳು. ಅಪ್ಪನೇ ಅವಳಿಗೆ ಗಾಡಿ ಓಡಿಸುವುದನ್ನು ಕಲಿಸಿದ್ದು. ಹೊಳಲೂರಿನಿಂದ ಅಕ್ಕಿ ಮೂಟೆ ತರುವುದು, ಬೆಳಿಗ್ಗೆ ತರಕಾರಿ, ಹನ್ನೆರಡು ಗಂಟೆಗೆ ಅನ್ನ, ಸಾರು, ಪಲ್ಯ, ಮಜ್ಜಿಗೆ ತುಂಬಿದ ದೊಡ್ಡ ಪಾತ್ರೆಗಳನ್ನು ಹೇರಿಕೊಂಡು ಭದ್ರಾವತಿ ರಸ್ತೆ ಹಿಡಿಯುವುದು. ಅಮ್ಮ ಬಾನೆಟ್ಟಿನ ಮೇಲೆ ಮೂರು ಬೆರಳು ವಿಭೂತಿ ಎಳೆಯುವವರೆಗೆ ಗಾಡಿ ಹೊರಡುವಂತಿಲ್ಲ.

ಆ ಬಾಡಿಯನ್ನು ತಿಂದದ್ದು ಸಾರು. ಎಷ್ಟೇ ಮುಚ್ಚಳ ಕಟ್ಟಿದರೂ ಉಬ್ಬು ಬಂದಾಗ ಸ್ವಲ್ಪ ತುಳುಕುತ್ತಿತ್ತು. ಉಪ್ಪು, ಹುಣಸೆಹುಳಿ, ದಿನಾ ಅದೇ ಜಾಗ. ಪಾತ್ರೆ ಕೂರುತ್ತಿದ್ದ ಕಡೆಗಳಲ್ಲೆಲ್ಲ ತಗಡು ದುಂಡಗೆ ಕೆಂಪಾಯಿತು, ಆಮೇಲೆ ಜರಡಿಯಾಯಿತು. ಒಂದು ಬುಧವಾರ ನಿದಿಗೆಯ ಹತ್ತಿರ ಉಬ್ಬಿನ ಮೇಲೆ ಗಾಡಿ ಹಾರಿದಾಗ ಸಾರಿನ ಪಾತ್ರೆಯ ಒಂದು ಬದಿ ಬಾಡಿಯ ತಳ ಒಡೆದುಕೊಂಡು ಕೆಳಕ್ಕಿಳಿಯಿತು. ಅಕ್ಕ ಇಳಿದು ನೋಡುವಷ್ಟರಲ್ಲಿ ಸಾರೆಲ್ಲ ರಸ್ತೆಗೆ ಹೋಗಿತ್ತು. ಅಂದು ವರ್ಕ್‌ಶಾಪಿನ ಜನ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡರು. ಸೂಪರ್‌ವೈಸರ್ ಅಕ್ಕನನ್ನು ಪಕ್ಕಕ್ಕೆ ಕರೆದು, "ಈ ವಾರ ಹೆಂಗೋ ಸುಧಾರಿಸ್ತೀವಿ ಕಣಮ್ಮ. ಸೋಮವಾರದಿಂದ ಗಾಡಿ ಸರಿ ಇಲ್ಲಾಂದ್ರೆ ಇನ್ನೊಬ್ಬರು ಕೇಳ್ತಾ ಇದಾರೆ, ಅವರಿಗೆ ಕೊಡ್ಬೇಕಾಗುತ್ತೆ," ಎಂದರಂತೆ.

ಸೋಮವಾರಕ್ಕೆ ನಾಲ್ಕು ದಿನ. ಆಟೋ ಕಾಂಪ್ಲೆಕ್ಸಿನ ಮೆಕ್ಯಾನಿಕ್ಕೊಬ್ಬ ಗಾಡಿಯ ಸುತ್ತ ಒಂದು ಸುತ್ತು ಬಂದು, "ಅಕ್ಕಾ, ಎಂಜಿನ್ ಇನ್ನೂ ಹುಲಿ. ಆದ್ರೆ ಬೆನ್ನು ಹೋಗಿದೆ. ಕೆ.ಜಿ. ಲೆಕ್ಕಕ್ಕೆ ಹಾಕ್ಬಿಡಿ," ಎಂದ. ಅಕ್ಕ ಅವನ ಮುಖ ನೋಡಿ, "ನಿಮ್ಮಪ್ಪಂಗೂ ಬೆನ್ನುನೋವು ಅಂದಿದ್ಯಲ್ಲ, ಅವರನ್ನ ಯಾವಾಗ ಹಾಕ್ತೀಯ?" ಎಂದು ಕೇಳಿ ಗಾಡಿ ತಿರುಗಿಸಿಕೊಂಡು ಬಂದಳು.

ಮನೆಗೆ ಬಂದವಳ ಕಣ್ಣು ಮಾತ್ರ ಕೆಂಪಾಗಿತ್ತು. ಅಪ್ಪ ಪೇಪರ್ ಮಡಚಿಟ್ಟು ಹೇಳಿದರು: "ಎಂಜಿನ್ ಸರಿ ಇದೆ, ಚಾಸಿ ಸರಿ ಇದೆ. ಬಾಡಿ ಒಂದೇ ತಾನೆ? ಬೇರೆ ಬಾಡಿ ಕೂರಿಸಣ. ಅಳತೆ ನಾನು ಕೊಡ್ತೀನಿ."

ಇನ್ನು ಗುರುವಾರ ಮಧ್ಯಾಹ್ನ. ಇಲ್ಲಿಂದ ನಾನು ನಿಧಾನವಾಗಿ ಬರೆಯಬೇಕು.

ಅಕ್ಕ ಊಟ ಕೊಟ್ಟು ಬಂದು ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿದ್ದಳು. ಕೊಳೆತ ತಗಡಿನ ಮೇಲೆ ಅಮ್ಮನ ಮಂಚದ ಹಲಗೆಗಳನ್ನು ಹಾಸಿ ಅಂದಿನ ದಿನ ದೂಡಿದ್ದಾಯಿತು. ಅಪ್ಪ ಹಳೆಯ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಅಂಗಾತ ಮಲಗಿದರು. ಬಾಡಿಯನ್ನು ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿದಿದ್ದ ಬೋಲ್ಟುಗಳ ತೂತುಗಳು ಎಲ್ಲೆಲ್ಲಿವೆ ಎನ್ನುವುದೇ ಬೇಕಾಗಿದ್ದ ಅಳತೆ. ಹೊಸ ಬಾಡಿಯ ತಳಕ್ಕೆ ಅದೇ ದೂರದಲ್ಲಿ ತೂತು ಕೊರೆದ ಕಬ್ಬಿಣದ ತುಂಡುಗಳನ್ನು, ಮೇಸ್ತ್ರಿಗಳ ಮಾತಿನಲ್ಲಿ ಕಿವಿಗಳನ್ನು, ಬೆಸುಗೆ ಹಾಕಿಸಿದರೆ, ಇಟ್ಟು ಬೋಲ್ಟು ಬಿಗಿಯುವುದಷ್ಟೇ ಉಳಿಯುತ್ತದೆ. ಅಕ್ಕ ಟೈಲರ್ ಅಂಗಡಿಯಿಂದ ಟೇಪು ತರಲೇ ಎಂದು ಕೇಳಿದಳು. ಗಾಡಿಯ ಕೆಳಗಿನಿಂದ ಅಪ್ಪನ ದನಿ ಬಂತು: "ಟೇಪು ರವಿಕೆ ಹೊಲಿಯೋರಿಗೆ. ಒಳಗಿಂದ ಸ್ಕೇಲ್ ತನ್ನಿ."

ನಾನು ಒಳಗೆ ಹೋದೆ. ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ಎಣ್ಣೆ ಬಟ್ಟೆ ಬಿಚ್ಚಿದೆ. ಎರಡು ಸ್ಕೇಲುಗಳಲ್ಲಿ ಮೇಲಿದ್ದುದನ್ನು ತೆಗೆದುಕೊಂಡು ಬಂದು ಅಪ್ಪನ ಚಾಚಿದ ಕೈಗೆ ಕೊಟ್ಟೆ. ಬೆರಳುಗಳಿಗೆ ಹತ್ತಿದ ಎಣ್ಣೆಯ ವಾಸನೆ ಈಗಲೂ ಮೂಗಿನಲ್ಲಿದೆ.

ಅಥವಾ: "ತನ್ನಿ" ಎಂದು ಹೇಳಿ, ಯಾರೂ ಏಳದೆ ಇದ್ದುದಕ್ಕೆ ಅಪ್ಪನೇ ಗೊಣಗುತ್ತಾ ಎದ್ದು, ಅಂಗಿಯ ಮಣ್ಣು ಕೊಡವಿಕೊಂಡು ಒಳಗೆ ಹೋಗಿ ಸ್ಕೇಲು ತಂದರು. ನಾನು ಕಟ್ಟೆಯ ಮೇಲೆ ಕೂತು ಕಾಲೇಜಿನ ಟೆಸ್ಟ್ ಪೇಪರುಗಳನ್ನು ತಿದ್ದುತ್ತಿದ್ದೆ. ಆಗ ನಾನು ಪಾರ್ಟ್‌ಟೈಮ್ ಪಾಠ ಮಾಡುತ್ತಿದ್ದೆ, ತಿದ್ದಲು ಪೇಪರುಗಳು ಯಾವಾಗಲೂ ಇರುತ್ತಿದ್ದವು.

ಈ ಎರಡೂ ನನಗೆ ನೆನಪಿವೆ. ಎರಡರಲ್ಲೂ ಬಿಸಿಲು ಒಂದೇ ಕಡೆಯಿಂದ ಬೀಳುತ್ತದೆ. ಅಕ್ಕ ಮೂರನೆಯದೊಂದನ್ನು ಹೇಳುತ್ತಾಳೆ: ನಾನು ಮನೆಯಲ್ಲೇ ಇರಲಿಲ್ಲವಂತೆ, ಸಂಜೆ ಬಂದೆನಂತೆ. ಎಣ್ಣೆಯ ವಾಸನೆಯನ್ನು ನಂಬಬಹುದಲ್ಲ ಎಂದುಕೊಂಡರೆ, ಆ ಪೆಟ್ಟಿಗೆಯನ್ನು ನಾನು ಆಮೇಲೆ ಎಷ್ಟೋ ಸಲ ತೆರೆದಿದ್ದೇನೆ.

ಅಪ್ಪ ಕನ್ನಡಕ ತೆಗೆದಿಟ್ಟಿದ್ದರು, ಮಲಗಿದರೆ ಜಾರುತ್ತದೆ ಎಂದು. ಎರಡಡಿಯ ಸ್ಕೇಲನ್ನು ಮೂರು ಸಲ ಮುಂದೆ ಮುಂದೆ ಇಟ್ಟು, ಪ್ರತಿ ಸಲ ಉಗುರಿನಿಂದ ಗೀರು ಎಳೆದು ಅಳೆದರು. ಮುಂದಿನ ತೂತಿನಿಂದ ಹಿಂದಿನ ತೂತಿಗೆ ಎಪ್ಪತ್ತೂವರೆ ಅಂಗುಲ. ಎರಡು ಬದಿಯೂ ಅಷ್ಟೇ. ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡರು. ಅವರು ಸಿಗರೇಟ್ ಸೇದುತ್ತಿರಲಿಲ್ಲ. ಬರೆಯುವುದಕ್ಕೆ ಚೆನ್ನಾಗಿರುತ್ತದೆಂದು ಖಾಲಿ ಪ್ಯಾಕು ಕೂಡಿಡುತ್ತಿದ್ದರು.

ಶುಕ್ರವಾರ ಅಪ್ಪನೂ ನಾನೂ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಗಾಡಿ ಊಟದ ಪಾತ್ರೆ ಹೊತ್ತು ಹೋಗಿತ್ತು. ಗಾಡಿಯನ್ನೇ ತಂದು ತೋರಿಸುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದಕ್ಕೆ ಅಪ್ಪ, "ಅಳತೆ ಇದ್ದ ಮೇಲೆ ಗಾಡಿ ಯಾಕೆ?" ಎಂದಿದ್ದರು. ಅವರ ಇಡೀ ಕಸುಬೇ ಆ ಮಾತಿನ ಮೇಲೆ ನಿಂತಿತ್ತು: ವಸ್ತು ಬೇಡ, ಅಳತೆ ಸಾಕು, ಮರದಲ್ಲಿ ವಸ್ತುವನ್ನು ಮೂಡಿಸುತ್ತೇನೆ.

ಹಳೆ ಸೇತುವೆ ದಾಟಿ ಹೋದರೆ ಗುಜರಿ ಅಂಗಡಿಯ ದೊಡ್ಡ ಅಂಗಳ. ಅಲ್ಲಿ ಕ್ಯಾಬಿನ್ ಜಜ್ಜಿಹೋಗಿದ್ದ ಹೊಸ ಮಾದರಿಯ ಪಿಕಪ್ಪೊಂದು ನಿಂತಿತ್ತು. ಮುಂದೆ ನೋಡಿದರೆ ಎದೆ ಝಲ್ಲೆನ್ನುವಂತಿತ್ತು, ಹಿಂದೆ ಬಾಡಿ ಮಾತ್ರ ಮೊನ್ನೆ ಶೋರೂಮಿನಿಂದ ಬಂದಂತೆ ಬೆಳ್ಳಗಿತ್ತು.

"ಏಕ್‌ದಮ್ ಫಸ್ಟ್‌ಕ್ಲಾಸ್ ಮಾಲ್ ಸಾಬ್," ಎಂದ ಅಂಗಡಿಯವ, ಅಂಗೈಯಿಂದ ಬಾಡಿಗೆ ಬಡಿದು. "ಐದು ವರ್ಷದ್ದು. ಒಂದು ಗೀರಿಲ್ಲ ನೋಡ್ಕಳಿ. ಡ್ರೈವರ್ರೂ ಉಳಕಂಡ. ಶುಭ ಶಕುನದ ಬಾಡಿ."

"ಉಳ್ಕೊಂಡ ಅಂತೀಯ, ಕಾಲು?" ಎಂದರು ಅಪ್ಪ.

"ಕಾಲು ಒಂದು ಸ್ವಲ್ಪ..." ಎಂದು ಅವನು ಬೇರೆ ಕಡೆ ನೋಡಿದ. ಅಪ್ಪ ಚೀಲದಿಂದ ಸ್ಕೇಲು ತೆಗೆದು ಬಾಡಿಯ ಉದ್ದಗಲ ಅಳೆದು ತಲೆಯಾಡಿಸಿದರು. ಸಾಕಷ್ಟು ಉದ್ದವಿತ್ತು. ಅಲ್ಲಿಂದ ಬಾಡಿಯನ್ನು ಎತ್ತಿನಗಾಡಿಯ ಮೇಲೆ ಅಪ್ಪನ ಹಳೆಯ ಪರಿಚಯದ ವೆಲ್ಡಿಂಗ್ ಮೇಸ್ತ್ರಿಯ ಶೆಡ್ಡಿಗೆ ಸಾಗಿಸಿದೆವು. ಎತ್ತಿನಗಾಡಿ ಎಂದು ಬರೆದೆ. ಟ್ರ್ಯಾಕ್ಟರ್ ಟ್ರೇಲರ್ ಇರಬೇಕು. ಎತ್ತಿನಗಾಡಿಯ ಮೇಲೆ ಪಿಕಪ್ಪಿನ ಬಾಡಿ ಎನ್ನುವುದು ನೋಡಲು ಚೆಂದ, ಆ ಕಾರಣಕ್ಕೇ ಅದರ ಮೇಲೆ ನನಗೆ ಅನುಮಾನ.

ಮೇಸ್ತ್ರಿ ತಮಿಳಿನವರು, ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರು. ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಗುತ್ತಿಗೆ ಕೆಲಸ ಮಾಡುವಾಗ ಅಪ್ಪನ ಅಚ್ಚುಗಳನ್ನು ಕಂಡಿದ್ದವರು. ಸಿಗರೇಟ್ ಪ್ಯಾಕನ್ನು ಎರಡು ಕೈಯಲ್ಲಿ ತೆಗೆದುಕೊಂಡು, "ಪ್ಯಾಟರ್ನ್ ಶಾಪ್ ಅಳತೆ ಸಾರ್ ಇದು. ನಾನು ತಿರುಗಿ ನೋಡೋದೇ ಇಲ್ಲ. ಕಣ್ಣು ಮುಚ್ಚಿ ಕಿವಿ ಬೆಸೀತೀನಿ," ಎಂದರು. ಶನಿವಾರ ಬೆಸೆದೂ ಇಟ್ಟರು. ಶನಿವಾರದ ಊಟ ಕೊಟ್ಟು ಮುಗಿಸಿ ಅಕ್ಕ ಗಾಡಿಯನ್ನು ಶೆಡ್ಡಿಗೆ ತಂದು ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದಳು.

ಭಾನುವಾರ ಬೆಳಿಗ್ಗೆ ಮೂವರೂ ಹೋದೆವು. ಹಳೆಯ ಬಾಡಿಯ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಬಡಿದು, ಕೊನೆಗೆ ಚಾಣದಿಂದ ಕತ್ತರಿಸಿ ಬಿಡಿಸುವಷ್ಟರಲ್ಲಿ ಹತ್ತೂವರೆ. ಶೆಡ್ಡಿನ ಮುಂದಿನ ಮರಕ್ಕೆ ಸರಪಳಿ ರಾಟೆ ಕಟ್ಟಿ ಎತ್ತಿದೆವು. "ಹುಣಸೆಹಣ್ಣು ತಿಂದ ಗಾಡಿನ ಹುಣಸೆಮರಕ್ಕೇ ನೇತಾಕಿದೀವಿ ನೋಡಮ್ಮಾ," ಎಂದು ಮೇಸ್ತ್ರಿ ಅಕ್ಕನನ್ನು ನಗಿಸಿದ್ದು ನೆನಪು. ಮರ ಬೇವಿನದಾಗಿದ್ದರೆ ಈ ಮಾತಿಗೆ ಅರ್ಥವಿಲ್ಲ, ಆದ್ದರಿಂದ ಹುಣಸೆಯೇ ಇರಬೇಕು. ಇಲ್ಲವೇ ಮಾತನ್ನು ನಾನು ಕಟ್ಟಿರಬೇಕು. ಎದುರಿನ ಟೀ ಅಂಗಡಿಯಲ್ಲಿದ್ದ ನಾಲ್ಕೈದು ಜನ ಬಂದು ಕೈ ಹಾಕಿದರು. ಬಾಡಿಯಿಲ್ಲದ ಪಿಕಪ್, ಮೂತಿ ಮತ್ತು ಎರಡು ಕಂಬಿ ಮಾತ್ರ ಉಳಿದು, ಕೋಟು ಬಿಚ್ಚಿದ ಮುದುಕನ ಹಾಗೆ ಸಣ್ಣಗೆ ಕಂಡಿತು. ಹೊಸ ಬಾಡಿ ಅದರ ಮೇಲೆ ಇಳಿಯಿತು. ಹಳೆಯ ಮೂತಿ, ಬಿಳಿಯ ಬೆನ್ನು.

"ಮೂತಿ ಅಜ್ಜಂದು, ಬೆನ್ನು ಮೊಮ್ಮಗಂದು," ಎಂದಳು ಅಕ್ಕ. ನಾಲ್ಕು ದಿನದಲ್ಲಿ ಅವಳು ಮನಸಾರೆ ನಕ್ಕದ್ದು ಆಗಲೇ.

ಮುಂದಿನ ಎರಡು ಬೋಲ್ಟುಗಳು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಮೇಸ್ತ್ರಿ ಹಿಂದೆ ಹೋದರು. ಬೋಲ್ಟನ್ನು ಎರಡು ಸಲ ತಿರುಗಿಸಿ ನೋಡಿದರು.

"ಸಾರ್, ಹೋಗ್ತಾ ಇಲ್ಲ."

"ಎಷ್ಟು?"

"ಎರಡು ಬೆರಳು."

"ಎರಡು ಬೆರಳು ಅನ್ನೋದು ಅಳತೆ ಅಲ್ಲ," ಎಂದು ಅಪ್ಪ ಚೀಲದಿಂದ ಸ್ಕೇಲು ತೆಗೆದುಕೊಂಡು ಬಗ್ಗಿದರು. ಚಾಸಿಯ ತೂತುಗಳ ನಡುವೆ ಅಳೆದರು: ಎಪ್ಪತ್ತೂವರೆ. ಬಾಡಿಯ ಕಿವಿಗಳ ನಡುವೆ ಅಳೆದರು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: "ನೀನು ಅರವತ್ತೊಂಬತ್ತಕ್ಕೆ ಬೆಸೆದಿದೀಯ ಮಾರಾಯ. ಕಣ್ಣು ಮುಚ್ಕೊಂಡು ಬೆಸೀತೀನಿ ಅಂದೆ, ಹಂಗೇ ಮಾಡಿದೀಯ."

ಟೀ ಅಂಗಡಿಯವರು ನಕ್ಕರು. ಮೇಸ್ತ್ರಿ ನಗಲಿಲ್ಲ. ಒಳಗೆ ಹೋಗಿ ತಮ್ಮ ಕಬ್ಬಿಣದ ಟೇಪು ತಂದು ಕಿವಿಗಳ ಮೇಲೆ ಎಳೆದು, "ನೋಡಿ ಸಾರ್. ಎಪ್ಪತ್ತೂವರೆ. ನೀವು ಬರೆದಿದ್ದು ಎಪ್ಪತ್ತೂವರೆ, ನಾನು ಬೆಸೆದಿದ್ದು ಎಪ್ಪತ್ತೂವರೆ," ಎಂದರು. ಚಾಸಿಯ ಮೇಲೆ ಎಳೆದರು. ಎಪ್ಪತ್ತೆರಡು.

"ನಿನ್ನ ಟೇಪು ಹಿಗ್ಗಿದೆ."

"ಕಬ್ಬಿಣದ ಟೇಪು ಹೆಂಗೆ ಹಿಗ್ಗುತ್ತೆ ಸಾರ್?"

ಆಗ ಅಕ್ಕ, ಇಬ್ಬರ ಜಗಳದಿಂದ ತನ್ನ ಸೋಮವಾರ ಹಾಳಾಗುತ್ತಿದೆ ಎಂದು ಬೇಸತ್ತವಳು, ಅಪ್ಪನ ಕೈಯಿಂದ ಸ್ಕೇಲನ್ನೂ ಮೇಸ್ತ್ರಿಯ ಕೈಯಿಂದ ಟೇಪನ್ನೂ ಕಿತ್ತುಕೊಂಡು ಬಾನೆಟ್ಟಿನ ಮೇಲೆ ಒಂದರ ಪಕ್ಕ ಒಂದನ್ನು ಇಟ್ಟಳು. ಸೊನ್ನೆ ಸೊನ್ನೆಗೆ ಸರಿಯಿತ್ತು. ಆರಕ್ಕೆ ಸ್ವಲ್ಪ ಜಾರಿತ್ತು, ಹನ್ನೆರಡಕ್ಕೆ ಕಾಲಂಗುಲ. ಸ್ಕೇಲಿನ ಇಪ್ಪತ್ನಾಲ್ಕು ಬಂದು ನಿಂತದ್ದು ಟೇಪಿನ ಇಪ್ಪತ್ನಾಲ್ಕೂವರೆಗೆ.

ಲೋಹ ಆರಿದಾಗ ಕುಗ್ಗುತ್ತದೆ. ಆದ್ದರಿಂದ ಮರದ ಅಚ್ಚನ್ನು ಬೇಕಾದ್ದಕ್ಕಿಂತ ತುಸು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಗುಣಾಕಾರ ಮಾಡುತ್ತ ಕೂರುವ ಬದಲು ಪ್ಯಾಟರ್ನ್ ಶಾಪಿನವರು ಅಂಗುಲವೇ ಕೊಬ್ಬಿದ ಬೇರೆ ಸ್ಕೇಲು ಇಟ್ಟುಕೊಂಡಿರುತ್ತಾರೆ. ಉಕ್ಕಿನ ಎರಕಕ್ಕೆ ಅಡಿಗೆ ಕಾಲಂಗುಲ ಹೆಚ್ಚು. ನೋಡಲು ಸಾಮಾನ್ಯ ಸ್ಕೇಲಿನಂತೆಯೇ ಇರುತ್ತದೆ. ಒಂದು ತುದಿಯಲ್ಲಿ ಅದು ಎಂಥದೆಂದು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಅಪ್ಪನ ಪೆಟ್ಟಿಗೆಯ ಎರಡು ಸ್ಕೇಲುಗಳಲ್ಲಿ ಒಂದು ಅಂಥದು; ಅದರಲ್ಲಿ ಆ ಅಕ್ಷರಗಳು ಮೂವತ್ತು ವರ್ಷದ ಹೆಬ್ಬೆರಳಿಗೆ ಸವೆದಿದ್ದವು. ನೆನಪೂ ಹೀಗೆ ಆರಿದಂತೆ ಕುಗ್ಗುತ್ತದೆ ಎಂದು ಇಲ್ಲಿ ಬರೆಯಬಹುದಿತ್ತು. ತೀರಾ ಸಲೀಸಾಗಿ ಒದಗಿ ಬರುವ ಹೋಲಿಕೆ, ಬಿಟ್ಟಿದ್ದೇನೆ.

ಅಪ್ಪ ಕನ್ನಡಕ ಹಾಕಿಕೊಂಡರು. ಸ್ಕೇಲಿನ ತುದಿಯನ್ನು ಬೆಳಕಿಗೆ ಹಿಡಿದು ವಾರೆ ಮಾಡಿ ನೋಡಿದರು. ಮೇಸ್ತ್ರಿಗೂ ಅರ್ಥವಾಗಿತ್ತು. ಅವರು ತಕ್ಷಣ ಜನರ ಕಡೆ ತಿರುಗಿ, "ಪರವಾಯಿಲ್ಲೆ, ಬಿಡಿ ಸಾರ್, ಪೆಟ್ಟಿಗೆಯಲ್ಲಿ ಎರಡು ಸ್ಕೇಲ್ ಇದ್ರೆ ಯಾರೋ ಒಂದು ತೆಕ್ಕೊಟ್ಟಿರ್ತಾರೆ. ಮನೇಲಿ ಮಕ್ಕಳಿಗೆ ಏನು ಗೊತ್ತಾಗುತ್ತೆ?" ಎಂದರು.

ಅಪ್ಪ ಹೇಳಿದರು: "ಇಲ್ಲ. ತಗೊಂಡಿದ್ದು ನಾನೇ. ತಪ್ಪು ನಂದೇ. ನಿನ್ನ ಬೈದೆ, ಮನಸಿಗೆ ಹಚ್ಕೋಬೇಡ."

ಈ ಮಾತು ಆಡಿದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ. ಅಕ್ಕನಿಗೂ ಇದೇ ಪದಗಳು ನೆನಪಿವೆ. ಹೇಳುವಾಗ ಅವರು ನನ್ನ ಕಡೆ ನೋಡಿದರೋ ಇಲ್ಲವೋ ಎನ್ನುವುದರಲ್ಲಿ ನಮಗೆ ಒಮ್ಮತವಿಲ್ಲ. ನೋಡಲಿಲ್ಲ ಎಂದು ನನ್ನ ನೆನಪು. ಬೇಕೆಂದೇ ನೋಡಲಿಲ್ಲ ಎಂದು ಕೆಲವೊಮ್ಮೆ ಅನಿಸುತ್ತದೆ.

ಕಿವಿಗಳನ್ನು ಕತ್ತರಿಸಿ ಮತ್ತೆ ಬೆಸೆಯೋಣ ಎಂದು ಮೇಸ್ತ್ರಿ ಮೆಷಿನ್ನಿನ ಕಡೆ ಹೋದರೆ ಕರೆಂಟ್ ಇಲ್ಲ. ಭಾನುವಾರ ಲೈನ್ ಕೆಲಸವಂತೆ, ಕತ್ತಲಾಗುವವರೆಗೆ ಬರುವುದಿಲ್ಲವಂತೆ. ಅಕ್ಕ ಗಾಡಿಯ ಫುಟ್‌ಬೋರ್ಡಿನ ಮೇಲೆ ಕುಸಿದು ಕೂತಳು. ಮನೆಯಲ್ಲಿ ಅಮ್ಮ ಮಾರನೆಯ ದಿನಕ್ಕೆ ಕಾಳು ನೆನೆಹಾಕಿದ್ದಳು. "ಅಷ್ಟೇ ಕಣೇ," ಎಂದಳು ಅಕ್ಕ ನನಗೆ. "ನಾಳೆ ಹನ್ನೆರಡೂವರೆಗೆ ಅವರು ತಟ್ಟೆ ಹಿಡ್ಕೊಂಡು ನಿಂತಿರ್ತಾರೆ. ನಾನು ಇಲ್ಲಿ ಬೋಲ್ಟ್ ಹಿಡ್ಕೊಂಡು ಕೂತಿರ್ತೀನಿ."

ಅಪ್ಪ ಶೆಡ್ಡಿನ ಗೋಡೆಗೆ ಒರಗಿಸಿದ್ದ ಮರಗಳನ್ನು ನೋಡುತ್ತಿದ್ದರು. ಯಾವುದೋ ಲಾರಿಯ ಬಾಡಿ ಬಿಚ್ಚಿದಾಗ ಉಳಿದಿದ್ದ ಎರಡು ಮತ್ತಿ ಮರದ ತೊಲೆಗಳು. ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು.

"ಕಬ್ಬಿಣ ಬೇಡ," ಎಂದರು. "ಇದನ್ನ ಕೊಡು. ಬೈರಿಗೆ ಇದೆಯಾ?"

ಉಪಾಯ ಸರಳವಾಗಿತ್ತು. ಚಾಸಿಯ ಎರಡು ಕಂಬಿಗಳ ಮೇಲೆ ಉದ್ದಕ್ಕೂ ಎರಡು ತೊಲೆ ಮಲಗಿಸುವುದು. ತೊಲೆಯನ್ನು ಚಾಸಿಯ ತೂತಿಗೆ ಅದರ ಜಾಗದಲ್ಲಿ ಬಿಗಿಯುವುದು, ಬಾಡಿಯ ಕಿವಿಯನ್ನು ತೊಲೆಗೆ ಅದರ ಜಾಗದಲ್ಲಿ ಬಿಗಿಯುವುದು. ಆಗ ಎಪ್ಪತ್ತೂವರೆ, ಎಪ್ಪತ್ತೆರಡು ಎರಡಕ್ಕೂ ಮರ ಜಾಗ ಕೊಡುತ್ತದೆ. "ತೂತು ಹತ್ತಿರ ಹತ್ತಿರ ಬಿದ್ರೆ ಮರ ಸೀಳುತ್ತೆ. ಬಾಡಿನ ನಾಲ್ಕು ಅಂಗುಲ ಹಿಂದಕ್ಕೆ ಸರಿಸಬೇಕು," ಎಂದರು ಅಪ್ಪ. ಗುರುತು ಹಾಕಲು ಮೇಸ್ತ್ರಿಯ ಟೇಪನ್ನು ಕೇಳಿ ಇಸಿದುಕೊಂಡರು. ತಮ್ಮ ಸ್ಕೇಲನ್ನು ಚೀಲದೊಳಗೆ ಇಟ್ಟಿದ್ದರು. ಟೇಪಿನ ಅಂಕಿಯನ್ನು ಒಮ್ಮೆ ತಾವು ಓದಿ, ಆಮೇಲೆ ನನ್ನನ್ನು ಕರೆದು, "ಎಷ್ಟಿದೆ ಓದು," ಎಂದರು. ಪ್ರತಿ ಗುರುತಿಗೂ ಓದಿಸಿದರು. ಅವರು ಯಾರಿಂದಲಾದರೂ ಅಳತೆ ಓದಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೈ ಬೈರಿಗೆಯಲ್ಲಿ ಮತ್ತಿ ಮರಕ್ಕೆ ತೂತು ಹಾಕುವುದೆಂದರೆ ಹುಡುಗಾಟವಲ್ಲ. ಅಪ್ಪ, ಮೇಸ್ತ್ರಿ, ಅಕ್ಕ ಸರದಿಯ ಮೇಲೆ ತಿರುಗಿಸಿದರು. ಬೋಲ್ಟಿನ ತಲೆ ಮರದೊಳಗೆ ಹುದುಗಲಿ ಎಂದು ಅಪ್ಪ ಉಳಿಯಿಂದ ಗುಳಿ ತೆಗೆದರು. ಆ ಗುಳಿಗಳ ಅಂಚು ನಾಣ್ಯ ಒತ್ತಿದಂತಿತ್ತು. ಮಧ್ಯೆ ಮೇಸ್ತ್ರಿಯ ಮನೆಯಿಂದ ಇಡ್ಲಿ ಬಂತು. "ನಿಮ್ಮ ಕೈಗೆ ಯಾವ ಸ್ಕೇಲೂ ಬೇಡ ಸಾರ್," ಎಂದರು ಮೇಸ್ತ್ರಿ. ಅಪ್ಪ ಮುಂದಿನ ಗುಳಿಗೆ ಉಳಿ ಇಟ್ಟರು.

ಸಂಜೆ ಬೆಳಕಿರುವಾಗಲೇ ಕೊನೆಯ ನಟ್ಟು ಬಿಗಿಯಿತು. ಅಕ್ಕ ಬಾಡಿಯೊಳಗೆ ಹತ್ತಿ ಎರಡು ಕಾಲಲ್ಲೂ ಕುಣಿದು ನೋಡಿದಳು. ಅಲುಗಲಿಲ್ಲ. ತೊಲೆಯ ದಪ್ಪಕ್ಕೆ ಬಾಡಿ ಮೂರು ಅಂಗುಲ ಎತ್ತರವಾಗಿ, ಹಿಂದಿನಿಂದ ನೋಡಿದರೆ ಗಾಡಿ ತುದಿಗಾಲಲ್ಲಿ ನಿಂತು ಏನನ್ನೋ ಇಣುಕುವಂತಿತ್ತು. ಕ್ಯಾಬಿನ್ನಿಗೂ ಬಾಡಿಗೂ ನಡುವೆ ಒಂದು ಸಂದು ಉಳಿಯಿತು. ಮನೆಗೆ ಬರುವಾಗ ಅಕ್ಕ ಸ್ಟೀರಿಂಗಿನಲ್ಲಿ, ಅಪ್ಪ ನಡುವೆ, ನಾನು ಕಿಟಕಿಯ ಬದಿ.

"ಅಪ್ಪಾಜಿ, ನೀವು ಕನ್ನಡಕ 'ಜಾರುತ್ತೆ' ಅಂತ ತೆಗೆದಿದ್ದೇ ತಪ್ಪು," ಎಂದಳು ಅಕ್ಕ, ಜಗಳದ ದನಿಯಲ್ಲಲ್ಲ.

"ಹೂಂ," ಎಂದರು ಅಪ್ಪ.

ಸ್ಕೇಲು ಕೊಟ್ಟದ್ದು ನಾನಿರಬಹುದು ಎನ್ನುವುದಕ್ಕೆ ಅದು ಸರಿಯಾದ ಹೊತ್ತಾಗಿತ್ತು. ಬಾಯಿ ಬಿಡದಿದ್ದದ್ದು ನನಗೆ ಖಾತ್ರಿಯಿದ್ದದ್ದರಿಂದಲೋ, ಖಾತ್ರಿ ಇಲ್ಲದ್ದರಿಂದಲೋ?

ಸೋಮವಾರ ಊಟ ಹೋಯಿತು. ಹನ್ನೆರಡು ಇಪ್ಪತ್ತಕ್ಕೇ ತಲುಪಿತು. ಸೂಪರ್‌ವೈಸರ್ ಬಿಳಿ ಬಾಡಿಯನ್ನು ನೋಡಿ, "ಏನಮ್ಮ, ಗಾಡಿಗೆ ಮದುವೆ ಮಾಡ್ಸಿದೀಯಾ?" ಎಂದರಂತೆ. ಆ ಕೆಲಸ ಅಕ್ಕನ ಕೈಯಲ್ಲೇ ಉಳಿಯಿತು. ನಡುವಿನ ಸಂದಿನಲ್ಲಿ ಬಾಳೆ ಎಲೆಯ ಕಟ್ಟು ಬಿಗಿಯಾಗಿ ಕೂರುವುದನ್ನು ಅವಳೇ ಕಂಡುಕೊಂಡಳು. ಹಬ್ಬದ ಊಟದ ದಿನ ಹೊಸಮನೆಯಿಂದ ಹೊರಡುವಾಗ ಹಳೆಯ ಮೂತಿಗೂ ಬಿಳಿಯ ಬೆನ್ನಿಗೂ ನಡುವೆ ಎಲೆಗಳ ತುದಿ ಅಲ್ಲಾಡುತ್ತಿದ್ದುದನ್ನು ನೋಡಲು ನಾನು ಗೇಟಿನವರೆಗೆ ಹೋಗುತ್ತಿದ್ದೆ. ಗಾಡಿ ಹಸಿರು ಎಂದು ನಾನು ಹೇಳುವುದು ಆ ಎಲೆಗಳಿಂದಲೇ ಇರಬಹುದು. ಇದು ಈಗ ಬರೆಯುವಾಗ ಹೊಳೆಯಿತು.

ಆದರೆ ಆಮೇಲೆ ಅಪ್ಪ ಯಾರಿಗೂ ಅಳತೆ ಕೊಡಲಿಲ್ಲ. ಎದುರು ಮನೆಯವರು ಕಿಟಕಿಗೆ ಕರೆದಾಗ, "ಕಣ್ಣು ಸರಿ ಇಲ್ಲ ಕಣ್ರೀ, ಬೇರೆಯವರನ್ನ ಕೇಳಿ," ಎಂದರು. ಕಣ್ಣು ಪರೀಕ್ಷೆ ಮಾಡಿಸಿದರೆ ಕನ್ನಡಕದ ನಂಬರ್ ಬದಲಾಗಿರಲಿಲ್ಲ. ಇಸ್ತ್ರಿ ಅಂಗಿ ಕಡಿಮೆಯಾಯಿತು. ಅಮ್ಮ ಒಮ್ಮೆ, "ಒಂದ್ಸಲ ತಪ್ಪಾದ್ರೆ ಏನಂತೆ? ನಾನು ಎಷ್ಟು ಸಲ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿಲ್ಲ?" ಎಂದಳು. "ನಿನ್ನ ಉಪ್ಪು ಬೇರೆ," ಎಂದರು ಅಪ್ಪ. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಆಗಲೂ ಕೇಳಬಹುದಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಅಕ್ಕ ಹೊಸ ಗಾಡಿ ಕೊಂಡಳು. ಹಳೆಯದನ್ನು ಕುಂಸಿ ಕಡೆಯ ಶುಂಠಿ ಬೆಳೆಯುವವರೊಬ್ಬರು ತೆಗೆದುಕೊಂಡು ಹೋದರು. ಅವರು ಗಾಡಿಯ ಕೆಳಗೆ ಬಗ್ಗಿ ನೋಡಿ, "ಈ ಮರ ಯಾರು ಕೂರಿಸಿದ್ದು? ಎಂಥ ಕೆಲಸ ಮಾರಾಯ್ರೆ," ಎಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದರು. ಕೇಳಿಸಿತೋ ಇಲ್ಲವೋ, ಎದ್ದು ಒಳಗೆ ಹೋದರು. ಮುಂದಿನ ವರ್ಷ ಅವರು ತೀರಿಕೊಂಡರು.

ಪೆಟ್ಟಿಗೆ ಈಗ ನನ್ನ ಹತ್ತಿರ ಇದೆ. ಎರಡೂ ಸ್ಕೇಲುಗಳನ್ನು ಮೇಜಿನ ಮೇಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಯಾವುದೆಂದು ತೂಕದಿಂದ ಗೊತ್ತಾಗುವುದಿಲ್ಲ. ಹೆಬ್ಬೆರಳಿಗೆ ಮಾತ್ರ ಸವೆದ ಕಡೆ ಗೊತ್ತಾಗುತ್ತದೆ. ಅಪ್ಪನ ಹೆಬ್ಬೆರಳಿಗೆ ಗೊತ್ತಾಗದೆ ಇರುತ್ತಿತ್ತೇ ಎಂದು ಒಮ್ಮೆ ಅನಿಸುತ್ತದೆ. ಮೂವತ್ತು ವರ್ಷ ಹಿಡಿದ ಸ್ಕೇಲಿಗೇ ಕೈ ಹೋಗುವುದು ಸಹಜ ಎಂದೂ ಅನಿಸುತ್ತದೆ.

ಆ ಗುರುವಾರ ಪೆಟ್ಟಿಗೆಯಿಂದ ಸ್ಕೇಲನ್ನು ತೆಗೆದವರು ಯಾರು ಎಂದು ನನಗೆ ಗೊತ್ತಿಲ್ಲ. ಭಾನುವಾರ ಅಷ್ಟು ಜನರ ಮುಂದೆ ಅಪ್ಪ ಒಪ್ಪಿಕೊಂಡದ್ದು ತಮ್ಮ ತಪ್ಪನ್ನೋ ನನ್ನದನ್ನೋ, ಅದೂ ಗೊತ್ತಿಲ್ಲ. ಅವರು ಇರುವಾಗ ನಾನು ಕೇಳಲಿಲ್ಲ.